ಆಷಾಢದಲ್ಲಿ ಸಿಕ್ಕ ರಜೆ

ರಜೆ ಸಿಕ್ಕಿದೆ ಎಂದು ಅವರು ಫೋನಿನಲ್ಲಿ ಹೇಳಿದಾಗ ನಾನು ಯಲಬುರ್ಗಾದ ನಮ್ಮ ಮನೆಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ಹಿಂದೆ ನಿಂತಿದ್ದೆ. ಆಷಾಢಕ್ಕೆಂದು ತವರಿಗೆ ಬಂದ ಮೇಲೆ ನಮ್ಮಿಬ್ಬರ ಸಂಸಾರವೆಲ್ಲ ನಡೆದದ್ದು ಆ ಟಾಕಿಯ ಹಿಂದೆಯೇ. ಕೆಳಗೆ ಅವ್ವ, ಅಪ್ಪ, ಅಜ್ಜಿ ಇರುತ್ತಿದ್ದರು. ನನ್ನ ಫೋನು ಬಂದ ಕೂಡಲೇ ಮೂವರೂ ತಮ್ಮ ಮಾತು ನಿಲ್ಲಿಸಿಬಿಡುತ್ತಿದ್ದರು. ಅಷ್ಟು ಸಹಕಾರ ಕೊಡುವವರ ಎದುರು ಗಂಡನ ಜೊತೆ ಮಾತಾಡುವುದು ನನ್ನಿಂದ ಆಗುವ ಕೆಲಸವಲ್ಲ.

"ಈ ಸಲ ಸಹಿ ಆಗೈತಿ," ಅಂದರು. "ಒಂದು ವಾರನೂ ತುಂಬಂಗಿಲ್ಲ. ಆದ್ರೂ ಬರ್ತೀನಿ."

"ಯಾವಾಗ್ರಿ?"

"ನಾಡಿದ್ದು ಊಟದ ಹೊತ್ತಿಗೆ. ಸ್ಟೇಷನ್ನಿಗೆ ಯಾರೂ ಬರೂದು ಬ್ಯಾಡ. ಯಾವ ಗಾಡಿ ಸಿಗ್ತೈತೋ ನನಗೂ ಗೊತ್ತಿಲ್ಲ."

ಹಿಂದೆಯೂ ಹೀಗೆ ಎರಡು ಸಲ ಹೇಳಿ, ಎರಡು ಸಲವೂ ರದ್ದಾಗಿತ್ತು. ಹಾಗಾಗಿ ನಾನು ಖುಷಿಯನ್ನು ಅರ್ಧಕ್ಕೇ ತಡೆದು ಹಿಡಿದುಕೊಂಡೆ. ಉಳಿದರ್ಧವನ್ನು ತಡೆಯುವ ಕೆಲಸವನ್ನು ಕೆಳಗೆ ಬಂದ ಮೇಲೆ ಮನೆಯವರು ಮಾಡಿದರು.

ನನ್ನ ಗಂಡ ವಾಯುಪಡೆಯಲ್ಲಿದ್ದಾರೆ. ವಿಮಾನ ಹಾರಿಸುವವರಲ್ಲ, ಅದು ಹಾರುವ ಮೊದಲು ಎಂಜಿನ್ ಪರೀಕ್ಷಿಸಿ, ಹೋಗಬಹುದು ಎಂದು ಹೇಳುವವರು. ಈ ವ್ಯತ್ಯಾಸವನ್ನು ನಾನು ಗಂಡನ ಊರಾದ ಕುಷ್ಟಗಿಯಲ್ಲೂ ಯಲಬುರ್ಗಾದಲ್ಲೂ ಎಷ್ಟೋ ಜನರಿಗೆ ವಿವರಿಸಿ ಸೋತಿದ್ದೇನೆ. ಬೇಸಿಗೆಯಲ್ಲಿ ನಮ್ಮ ಮದುವೆ ಆಯಿತು. ಕೈಯ ಅರಿಷಿಣ ಮಾಸುವ ಮೊದಲೇ ಗಡಿಯಲ್ಲಿ ಯುದ್ಧದ ಸುದ್ದಿ ಬಂತು, ಅದರ ಬೆನ್ನಿಗೇ ರಜೆಯಲ್ಲಿದ್ದವರೆಲ್ಲ ಹಿಂತಿರುಗಬೇಕೆಂಬ ಕರೆ. ಕುಷ್ಟಗಿಯ ಮನೆಯಲ್ಲಿ ಅವರು ಊಟಕ್ಕೆ ಕುಳಿತಿದ್ದರು. ನಾನು ಎರಡನೆಯ ರೊಟ್ಟಿ ಹಾಕಲು ಬಂದಾಗ ತಟ್ಟೆಯ ಮುಂದೆ ಯಾರೂ ಇರಲಿಲ್ಲ. ಒಳಗೆ ಚೀಲ ತುಂಬುವ ಸದ್ದು ಕೇಳುತ್ತಿತ್ತು.

ಯುದ್ಧ ಬೇಗ ನಿಂತಿತು ಅಂದರು. ರಜೆ ಮಾತ್ರ ಶುರುವಾಗಲಿಲ್ಲ. ನಾನು ಕುಷ್ಟಗಿಯಲ್ಲಿ ಅತ್ತೆಯ ಜೊತೆ ಉಳಿದೆ. ಮಾವ ತೀರಿಕೊಂಡು ಬಹಳ ವರ್ಷಗಳಾಗಿವೆ. ಅತ್ತೆ ಅಂಗನವಾಡಿ ಕಾರ್ಯಕರ್ತೆ. ಅವರು ಟಿ.ವಿ.ಯ ಸದ್ದು ತೆಗೆದು ಬರೀ ಚಿತ್ರ ನೋಡುತ್ತಿದ್ದರು. "ಅವ್ರು ಒದರೂದು ಕೇಳಿದ್ರ ಎದಿ ಹೊಡಕೊಂತೈತಿ. ಮಾರಿ ನೋಡಿದ್ರ ಸಾಕು, ಖರೇ ಹೇಳ್ತಾರೋ ಸುಳ್ಳ ಹೇಳ್ತಾರೋ ಗೊತ್ತಾಗ್ತೈತಿ," ಅನ್ನುತ್ತಿದ್ದರು. ಆಕಾಶದಲ್ಲಿ ವಿಮಾನ ಕಂಡರೆ ಅಂಗನವಾಡಿಯ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು ಕೈ ಬೀಸಿಸುತ್ತಿದ್ದರು. ಅದು ಪ್ರಯಾಣಿಕರ ವಿಮಾನ ಎಂದು ನಾನು ಒಮ್ಮೆ ಹೇಳಿದೆ. "ಇರ್ಲಿ ಬಿಡವ್ವಾ, ಅವ್ರೂ ಯಾರದರ ಮಕ್ಕಳ," ಎಂದರು. ಅದಾದ ಮೇಲೆ ನಾನೂ ಕೈ ಬೀಸತೊಡಗಿದೆ.

ಎಲ್ಲಿದ್ದೀರಿ ಎಂದು ಅವರನ್ನು ಕೇಳುವಂತಿರಲಿಲ್ಲ, ಏನು ಕೆಲಸ ನಡೆದಿದೆ ಎಂದೂ ಕೇಳುವಂತಿರಲಿಲ್ಲ. ಹೀಗಾಗಿ ನಾವು ಊಟದ ಬಗ್ಗೆ ಮಾತಾಡುತ್ತಿದ್ದೆವು. ಇಬ್ಬರೂ ಮಾತು ಕಡಿಮೆ ಇರುವವರು. ಊಟದಂಥ ವಿಷಯ ಸಿಕ್ಕಿದ್ದು ಒಳ್ಳೆಯದೇ ಆಯಿತು. "ಇವತ್ತು ದಾಲ್ ತೆಳ್ಳಗಿತ್ತು" ಎಂದರೆ ದಿನ ಕಷ್ಟದ್ದಿತ್ತು ಎಂದು ನಾನು ತಿಳಿದುಕೊಳ್ಳುತ್ತಿದ್ದೆ. "ಇವತ್ತು ದಾಲಿನ್ಯಾಗ ಬ್ಯಾಳಿ ಸಿಕ್ತು" ಎಂದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ.

ಆಷಾಢ ಹಿಡಿಯುವ ಮುನ್ನಾದಿನ ಅಪ್ಪ ಬಂದು ನನ್ನನ್ನು ಯಲಬುರ್ಗಾಕ್ಕೆ ಕರೆದುಕೊಂಡು ಹೋದರು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದು. ನಮ್ಮ ಕಡೆ ಹೇಳುವ ಮಾತು ಇಷ್ಟು: ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅತ್ತೆ ಅಳಿಯನೂ ಒಂದೇ ಹೊಸ್ತಿಲು ದಾಟಬಾರದು. ಗಂಡ ಹೆಂಡತಿಯ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅವಳನ್ನು ಅಲ್ಲಿಡಬಾರದು, ಅವನನ್ನು ಇಲ್ಲಿಗೆ ಕರೆಯಬಾರದು ಅಂದ ಮೇಲೆ ಉಳಿದದ್ದು ತಾನಾಗಿಯೇ ಆಗುತ್ತದೆ.

ಬಾಯಿ ಬಿಟ್ಟು ಹೇಳುವವಳು ನಮ್ಮ ಅಜ್ಜಿ ಒಬ್ಬಳೇ. ನಾನು ಮಾಳಿಗೆಯಿಂದ ಇಳಿದು ಬಂದು ಸುದ್ದಿ ಹೇಳಿದಾಗ ಅವ್ವನ ಮುಖ ಅರಳಿತು, ಮರುಗಳಿಗೆಯೇ ಬಾಡಿತು.

"ಆಷಾಢ ಐತಲ್ಲ," ಎಂದಳು.

"ಸರ್ಕಾರಕ್ಕ ಆಷಾಢ ಗೊತ್ತಿಲ್ಲ," ಎಂದರು ಅಪ್ಪ. ಅವರದು ಪೇಟೆಯಲ್ಲಿ ಕಿರಾಣಿ ಅಂಗಡಿ.

"ಗೊತ್ತಿಲ್ಲಂದ್ರ ಹೇಳಬೇಕು," ಎಂದಳು ಅಜ್ಜಿ. "ಹಿರ್ಯಾರು ಹುಚ್ಚರೇನ? ಆಷಾಢದಾಗ ಕೂಡಿದ್ರ ಚೈತ್ರದ ಬಿಸಲಾಗ ಬಾಣಂತನ. ಕೂಸಿಗೂ ತ್ರಾಸ, ಬಾಣಂತಿಗೂ ತ್ರಾಸ."

"ಈಗ ಕೂಲರ್ ಬಂದಾವ ಬಿಡಬೇ," ಎಂದರು ಅಪ್ಪ.

ನಾನು ಅಡುಗೆಮನೆಗೆ ಹೋಗಿ ಅಗತ್ಯವಿಲ್ಲದ ಪಾತ್ರೆಯೊಂದನ್ನು ತೊಳೆದೆ.

ಅವ್ವ ಅತ್ತೆಗೆ ಫೋನು ಮಾಡಿದಳು. ಇಬ್ಬರು ಬೀಗತಿಯರೂ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. "ನನಗೂ ಆಸಿ ಇಲ್ಲೇನ್ರಿ ಬೀಗರ? ಖರೇ ಜನಾ ಏನ ಅಂತಾರ?" ಎಂದು ಆ ಕಡೆಯಿಂದ. "ಹೌದ್ರಿ, ಜನಾ ಏನ ಅಂತಾರ?" ಎಂದು ಈ ಕಡೆಯಿಂದ. ಕೊನೆಗೆ ಆದ ತೀರ್ಮಾನ: ಅವರು ಕುಷ್ಟಗಿಗೆ ಹೋಗಿ ತಾಯಿಯ ಜೊತೆ ಇರುವುದು, ನಾನು ಯಲಬುರ್ಗಾದಲ್ಲಿ ಇರುವುದು. ಆಷಾಢ ಮುಗಿಯುವ ಹೊತ್ತಿಗೆ ಅವರು ತಿರುಗಿ ಹೋಗಿರುತ್ತಾರೆ; ಮುಂದಿನ ರಜೆ ಯಾವಾಗಲೋ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ನನ್ನನ್ನು ಕೇಳಿದರು. ನಾನು "ಆಗ್ಲಿ" ಎಂದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವಳು, ವಾದ ಮಾಡಲು ಬರುತ್ತಿತ್ತು. ಆದರೆ ನನಗೆ ನನ್ನ ಗಂಡ ಬೇಕು ಎಂದು ಅಪ್ಪನ ಎದುರು ಹೇಳುವ ವಾಕ್ಯವನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸಿರಲಿಲ್ಲ.

ಅವರು ಬರುವ ದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವ್ವ ಹೋಳಿಗೆ ಮಾಡಿ ಮುಚ್ಚಿಟ್ಟಿದ್ದಳು. ಬೇವೂರಿನ ನಮ್ಮ ಹೊಲದಲ್ಲಿ ಹೆಸರು ಬೆಳೆಯ ಕಸ ತೆಗೆಸುವುದಿದೆ, ಅಲ್ಲೇ ಸೋದರಮಾವನ ಮನೆಯಲ್ಲಿ ಎರಡು ದಿನ ಇರುತ್ತೇವೆ ಎಂದು ಅಜ್ಜಿಯನ್ನೂ ಕರೆದುಕೊಂಡು ಹೊರಟು ನಿಂತಿದ್ದಳು. ಅಪ್ಪ ಮಾಲು ತರಲು ಕೊಪ್ಪಳಕ್ಕೆ ಹೋಗಿ ಆಗಿತ್ತು.

"ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ," ಎಂದಳು ಅವ್ವ. "ಯಾರರ ಬಂದ್ರ ಊಟಕ್ಕ ಹಾಕು."

ಅವಳು ಹೊಲಕ್ಕೆ ಹೋಗುವಾಗಲೆಲ್ಲ ಹೇಳುವ ಮಾತೇ ಅದು. ನಾನು ತಲೆಯಾಡಿಸಿದೆ.

ಅವ್ವ, ಅಜ್ಜಿ ಹೋಗಿ ಸ್ವಲ್ಪ ಹೊತ್ತಿಗೆ ಅತ್ತೆಯ ಫೋನು ಬಂತು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ.

"ನಾ ಗಂಗಾವತಿಗೆ ಹೊಂಟೀನವ್ವಾ, ದೊಡ್ಡ ಮಗಳ ಮನಿಗೆ. ಅಂಗನವಾಡಿಗೆ ರಜಾ ಹಾಕೀನಿ. ಕೀಲಿ ಬಾಜೂ ಮನ್ಯಾಗ ಕೊಟ್ಟೀನಿ."

"ಇವತ್ತ ಅವ್ರು ಬರ್ತಾರಲ್ರಿ ಅತ್ತೀ?"

"ಹೂಂ. ಗಿಡಕ್ಕ ನೀರ ಹಾಕೋರು ಯಾರೂ ಇಲ್ಲ ನೋಡು." ಅಷ್ಟು ಹೇಳಿ ಇಟ್ಟುಬಿಟ್ಟರು.

ಕುಷ್ಟಗಿಯ ಅಂಗಳದಲ್ಲಿ ಇರುವುದು ಒಂದು ದಾಳಿಂಬೆ ಗಿಡ, ಎರಡು ಕರಿಬೇವು, ಒಂದಷ್ಟು ಮಲ್ಲಿಗೆ ಬಳ್ಳಿ. ಅವಕ್ಕೆ ನೀರು ಹಾಕಲು ಬಾಜೂ ಮನೆಯವರು ಸಾಲದೇ? ಆಮೇಲೆ ಅರ್ಥವಾಯಿತು. ಅತ್ತೆ ಮನೆಯಲ್ಲಿ ಇಲ್ಲದಿದ್ದರೆ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಿದಂತೆ ಆಗುವುದಿಲ್ಲ. ಬಾ ಎಂದು ಕರೆದರೆ ಶಾಸ್ತ್ರ ಮುರಿದಂತೆ. ಗಿಡಕ್ಕೆ ನೀರಿಲ್ಲ ಎಂದರೆ ಏನೂ ಮುರಿಯುವುದಿಲ್ಲ. ನಾನು ಸೀರೆ ಬದಲಿಸಿದೆ. ಅವ್ವ ಮುಚ್ಚಿಟ್ಟಿದ್ದ ಹೋಳಿಗೆಯನ್ನೆಲ್ಲ ಡಬ್ಬಿಗೆ ಹಾಕಿಕೊಂಡೆ. ಮನೆಗೆ ಕೀಲಿ ಜಡಿದು ಕುಷ್ಟಗಿಯ ಬಸ್ಸು ಹತ್ತಿದೆ.

ಹೊಲಕ್ಕೆ ಹೋಗುವ ಹೆಂಗಸು ನಸುಕಿನಲ್ಲಿ ಎದ್ದು ಹೋಳಿಗೆ ಯಾಕೆ ಮಾಡಿದಳು ಎಂದು ನಾನು ಯೋಚಿಸಬೇಕಿತ್ತು. ಒಂದು ಸೂಚನೆ ಬಿಡಿಸಿದ ಹೆಮ್ಮೆಯಲ್ಲಿ ಇನ್ನೊಂದು ನನ್ನ ಗಮನಕ್ಕೇ ಬರಲಿಲ್ಲ.

ಕುಷ್ಟಗಿಯಲ್ಲಿ ಗಿಡಕ್ಕೆ ನೀರು ಹಾಕಿದೆ. ಬೇಕಾದ್ದಕ್ಕಿಂತ ಹೆಚ್ಚೇ ಹಾಕಿದೆ. ಅನ್ನಕ್ಕಿಟ್ಟೆ. ಊಟದ ಹೊತ್ತಾಯಿತು. ಅವರ ಫೋನು ಸ್ವಿಚ್ ಆಫ್ ಎಂದೇ ಹೇಳುತ್ತಿತ್ತು. ರಜೆ ಮತ್ತೆ ರದ್ದಾಯಿತೇ ಎಂದು ಒಲೆಗೂ ಬಾಗಿಲಿಗೂ ನಡುವೆ ಓಡಾಡತೊಡಗಿದೆ. ಆಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದರೆ ಬರೀ ಯಂತ್ರದ ಅಬ್ಬರ, ಅದರ ನಡುವೆ ಅವರ ದನಿ.

"ನಾನು! ನಿಮ್ಮ ಮನಿ ಎದುರಿಗಿನ ಗಿರಣಿ ಫೋನ್! ನಂದು ಚಾರ್ಜ್ ಇಲ್ಲ!"

ನಮ್ಮ ಮನೆಯ ಎದುರಿಗೆ ಹಿಟ್ಟಿನ ಗಿರಣಿ ಇದೆ. ಅಲ್ಲಿ ಜೋಳ ಬೀಸಿಸಲು ಬಂದ ಹೆಂಗಸರು ಸದಾ ಸಾಲಿನಲ್ಲಿ ಕುಳಿತಿರುತ್ತಾರೆ.

"ಯಲಬುರ್ಗಾಕ್ಕ ಯಾಕ ಹೋದ್ರಿ?" ನಾನೂ ಕೂಗಿದೆ.

"ನಿಮ್ಮವ್ವ ಫೋನ್ ಮಾಡಿದ್ರು! ನಾವು ಬೇವೂರಿಗೆ ಹೊಂಟೀವಿ, ಮನ್ಯಾಗ ಅಕಿ ಒಬ್ಬಾಕಿನ ಇರ್ತಾಳ ಅಂದ್ರು! ಬಂದು ನೋಡಿದ್ರ ಕೀಲಿ ಐತಿ! ನೀ ಎಲ್ಲಿ ಅದೀ?"

"ನಿಮ್ಮ ಮನ್ಯಾಗ!"

"ಎಲ್ಲಿ?"

"ಕುಷ್ಟಗ್ಯಾಗ! ಗಿಡಕ್ಕ ನೀರ ಹಾಕಾಕ ಬಂದೀನಿ!"

ಗಿರಣಿಯವರು ಯಂತ್ರ ನಿಲ್ಲಿಸಿದರು. ಆ ಹಠಾತ್ ನಿಶ್ಶಬ್ದದಲ್ಲಿ ನನ್ನ ಗಂಡ ನಗುವುದನ್ನು ನಾನು ಮೊದಲ ಸಲ ಕೇಳಿದೆ. ಮದುವೆಯಲ್ಲಿ ಮುಗುಳ್ನಕ್ಕಿದ್ದರು, ಅಷ್ಟೇ. ಇದು ಬೇರೆ ನಗು, ಉಸಿರು ಸಿಕ್ಕಿಕೊಳ್ಳುವಂಥದ್ದು. ನಾನೂ ಅಡುಗೆಮನೆಯ ಗೋಡೆಗೆ ಒರಗಿ ನಕ್ಕೆ. ಆ ಕಡೆ ಹೆಂಗಸರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು: "ಯವ್ವಾ, ಆಷಾಢದಾಗ ಅಳಿಯಾ ಬಂದಾನ!" "ಬಂದ್ರೇನ ಬಿಡ, ಬಾಗಲಾ ಹಾಕಿ ಹೋಗ್ಯಾರಲ್ಲ, ಪಾಪ." "ಚಾ ಕೊಡ್ರಿ ಅವ್ರಿಗೆ."

"ನೀ ಅಲ್ಲೇ ಇರು, ನಾ ಬರ್ತೀನಿ," ಅಂದರು ಅವರು. ನಾನು "ಹೂಂ" ಎಂದೆ. ಹಂಬಲಿಸಿದ್ದೆಲ್ಲ ಒಂದು ಬಸ್ಸಿನಷ್ಟು ದೂರದಲ್ಲಿತ್ತು.

ಫೋನಿಟ್ಟು, ಅವರಿಗೆ ತಟ್ಟೆ ತೆಗೆಯಲು ಕಪಾಟು ತೆರೆದೆ. ಮುಂದೆಯೇ ಸ್ಟೀಲಿನ ಡಬ್ಬಿ ಇತ್ತು. ಒಳಗೆ ಅದೇ ದಿನ ಕಟ್ಟಿದ ಶೇಂಗಾ ಉಂಡಿ. ಕುರ್ಚಿಯ ಮೇಲೆ ಅವರ ಹಳೆಯ ಲುಂಗಿ, ಒಗೆದು ಇಸ್ತ್ರಿ ಮಾಡಿದ್ದು. ಲುಂಗಿಗೆ ಇಸ್ತ್ರಿ ಮಾಡುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸದ್ದಿಲ್ಲದ ಟಿ.ವಿ.ಯ ಮುಂದೆ ಕುಳಿತು ಊಟ ಬಿಟ್ಟ ಹೆಂಗಸು, ಮಗ ಬರುವ ದಿನವೇ ಮನೆ ಬಿಟ್ಟು ಹೋಗಿದ್ದರು. ರಜೆ ಒಂದು ವಾರವೂ ಇಲ್ಲ. ಗಂಗಾವತಿಯಲ್ಲಿ ಕುಳಿತರೆ ಮಗನ ಮುಖವನ್ನು ಅವರು ನೋಡುವುದು ಯಾವಾಗ? ತಮ್ಮ ಪಾಲನ್ನು ಪೂರ್ತಿ ನನಗೆ ಬಡಿಸಿ ಹೋಗಿದ್ದರು, ಅದಕ್ಕೆ ಗಿಡದ ಹೆಸರು ಹೇಳಿ.

ನಾನು ಅತ್ತೆಗೆ ಫೋನು ಮಾಡಿದೆ.

"ಎಲ್ಲಿ ಅದೀರಿ ಅತ್ತೀ?"

"ತಾವರಗೇರಿ ಬಂತವ್ವಾ. ಬಸ್ ಕೆಟ್ಟು ಇಷ್ಟೊತ್ತು ದಾರ್ಯಾಗ ನಿಂತಿತ್ತು. ಗಿಡಕ್ಕ ನೀರ ಹಾಕಿದಿ?"

"ಹಾಕೀನ್ರಿ. ಅವ್ರು ಯಲಬುರ್ಗಾಕ್ಕ ಹೋಗ್ಯಾರ್ರಿ. ನಮ್ಮವ್ವ ಮನಿ ಬಿಟ್ಟು ಬೇವೂರಿಗೆ ಹೋಗ್ಯಾಳ."

ಅತ್ತೆಗೆ ವಿವರಿಸಬೇಕಾಗಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. "ಬೀಗತಿ ನನಗಿಂತ ಶಾಣ್ಯಾಕಿ ಬಿಡು," ಅಂದರು.

"ಇಳೀರಿ ಅತ್ತೀ," ಎಂದೆ.

"ಏನು?"

"ಇಳದು ತಿರುಗಿ ಬರ್ರಿ. ನಮ್ಮ ಬೇವೂರ ಹೊಲಕ್ಕ ಹೋಗೂಣು. ಎಲ್ಲಾರೂ ಅಲ್ಲೇ ಬರ್ಲಿ. ಹೊಸ್ತಿಲಾ ದಾಟಬಾರದು ಅಂತ ಐತಿ ಹೌದಿಲ್ಲೋ? ಹೊಲಕ್ಕ ಹೊಸ್ತಿಲ ಎಲ್ಲೈತ್ರಿ?"

ನನ್ನ ಜೀವನದಲ್ಲಿ ಹಿರಿಯರೊಬ್ಬರಿಗೆ ನಾನು ಮಾಡಿದ ಮೊದಲ ಆಜ್ಞೆ ಅದು. "ಕಂಡಕ್ಟರಣ್ಣಾ, ನಿಂದ್ರಸಪಾ!" ಎಂಬ ಕೂಗು ಕೇಳಿ ಫೋನು ಕಡಿಯಿತು.

ಮತ್ತೆ ಗಿರಣಿಗೆ ಫೋನು ಮಾಡಿದೆ. ನನ್ನ ಗಂಡ ಇನ್ನೂ ಅಲ್ಲೇ ಇದ್ದರು. ಹೆಂಗಸರು ಚಹಾ ಕುಡಿಸದೆ ಬಿಟ್ಟಿರಲಿಲ್ಲ. ಗಿರಣಿಯಾಕೆ ಎತ್ತಿದಳು.

"ಅವ್ರಿಗೆ ಬೇವೂರಿಗೆ ಹೋಗಾಕ ಹೇಳ್ರಿ, ಹೊಲಕ್ಕ."

"ಅಲ್ಲಿ ನಿಮ್ಮವ್ವ ಇದ್ದಾಳಲ್ಲ ತಂಗಿ? ಅತ್ತಿ ಮಾರಿ ನೋಡಬಾರದು ಆಷಾಢದಾಗ."

"ಹೊಸ್ತಿಲ ಇಲ್ರಿ ಅಲ್ಲಿ."

ಗಿರಣಿಯಾಕೆ ಆ ಮಾತನ್ನು ಸಾಲಿನಲ್ಲಿ ಕುಳಿತವರಿಗೆ ಒಪ್ಪಿಸಿದಳು. ಅವರು ಸ್ವಲ್ಪ ಚರ್ಚಿಸಿದರು. "ಆಗ್ತೈತಿ ಅಂತಾರ ತಂಗಿ. ಟಂಟಂ ಆಟೋ ಹತ್ತಿಸಿ ಕಳಸ್ತೀವಿ," ಎಂದಳು. ಹೀಗೆ ನಮ್ಮ ಭೇಟಿಗೆ ಓಣಿಯ ಒಪ್ಪಿಗೆ ಸಿಕ್ಕಿತು.

ಕುಷ್ಟಗಿಯ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಬೆವರಿಳಿಸುತ್ತ ಬಂದು ನನ್ನ ಪಕ್ಕ ನಿಂತರು. ನಾನು ಹೋಳಿಗೆಯ ಡಬ್ಬಿ, ಉಂಡಿಯ ಡಬ್ಬಿ, ಅನ್ನದ ಡಬ್ಬಿ ಹೊತ್ತುಕೊಂಡಿದ್ದೆ. ಬೇವೂರಿನ ಬಸ್ಸು ಹತ್ತಿದೆವು. ದಾರಿಯಲ್ಲಿ ಅತ್ತೆ ಕಿಟಕಿಯ ಗಾಜನ್ನು ಕನ್ನಡಿಯಂತೆ ನೋಡಿ ಎರಡು ಸಲ ತಲೆ ಸವರಿಕೊಂಡರು.

ಬೇವೂರಿನ ಹೊಲದ ಬದುವಿನಲ್ಲಿ ಒಂದು ಬೇವಿನ ಮರವಿದೆ. ನಾವು ಮುಟ್ಟುವ ಹೊತ್ತಿಗೆ ನನ್ನ ಗಂಡ ಅದರ ಕೆಳಗೆ ಇದ್ದರು; ಅವ್ವ ಮಾತ್ರ ಹತ್ತು ಮಾರು ದೂರದಲ್ಲಿ ಹೆಸರಿನ ಸಾಲಿನಲ್ಲಿ ಸೆರಗು ಮುಂದೆಳೆದುಕೊಂಡು ನಿಂತಿದ್ದಳು. ಇಬ್ಬರ ನಡುವೆ ಅಜ್ಜಿ ಕೋಲೂರಿ ನ್ಯಾಯಾಧೀಶೆಯಂತೆ ಕುಳಿತಿದ್ದಳು.

ಅತ್ತೆ ಚಪ್ಪಲಿ ಬಿಟ್ಟು ಸಾಲುಗಳ ಮೇಲೆಯೇ ಓಡಿದರು. ನನ್ನ ಗಂಡ ಬಗ್ಗಿ ತಾಯಿಯ ಕಾಲು ಮುಟ್ಟಿದರು. ಅತ್ತೆ ಅವರ ತೋಳನ್ನು ಹಿಂಡಿ, ಬೆನ್ನು ತಟ್ಟಿ, ಗದ್ದ ಹಿಡಿದು ಎತ್ತಿ ನೋಡಿದರು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ, ಒಂದನ್ನೂ ಬಿಡದೆ.

"ಕರ್ರಗಾಗಿಯಲ್ಲೋ. ದಾಲಿನ್ಯಾಗ ಏನ ಹಾಕ್ತಾರೋ ಅವ್ರು?"

"ಬ್ಯಾಳಿ ಒಂದ ಬಿಟ್ಟು ಎಲ್ಲಾ ಹಾಕ್ತಾರಬೇ," ಎಂದರು ಅವರು. ಹೇಳುತ್ತ ನನ್ನ ಕಡೆ ನೋಡಿದರು.

ಅತ್ತೆ ನಕ್ಕರು, ನಗುತ್ತಲೇ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು. ನಾನು ಬಂದದ್ದು ಗಂಡನನ್ನು ನೋಡಲು. ಆದರೆ ಆ ಹೊತ್ತು ನೋಡಿದ್ದು ಅತ್ತೆಯನ್ನೇ.

ಅಜ್ಜಿ ಕೋಲು ಕುಟ್ಟಿದಳು. "ಹೊಲಕ್ಕ ಹೊಸ್ತಿಲ ಇಲ್ಲ ಅಂದಾಕಿ ಯಾರು?"

ಎಲ್ಲರೂ ನನ್ನನ್ನು ತೋರಿಸಿದರು.

"ಬಾಯಿ ಇಲ್ಲದಾಕಿ ಅಂತ ಮಾಡಿದ್ನಿ," ಎಂದಳು. "ಅತ್ತಿ ಸೊಸಿ ಒಂದ ಬಸ್ಸಿನ್ಯಾಗ ಬಂದ್ರಿ. ಬಸ್ಸಿಗೆ ಬಾಗಲಾ ಇಲ್ಲೇನ?"

"ಬಾಗಲಾ ಐತ್ರಿ, ಏರಾಕ ಪಾವಟಿಗಿನೂ ಅದಾವ. ಹೊಸ್ತಿಲ ಇಲ್ಲ," ಎಂದರು ಅತ್ತೆ.

ಅಜ್ಜಿ ಯೋಚಿಸಿದಳು. ಆಕೆ ಯೋಚಿಸುವಷ್ಟೂ ಹೊತ್ತು ಯಾರೂ ಕೂರಲಿಲ್ಲ. "ಅಕಿನ್ನೂ ಕರೀರಿ ಇತ್ತ," ಎಂದಳು ಕೊನೆಗೆ. "ಅಲ್ಲಿ ನಿಂತು ಎಷ್ಟೊತ್ತು ಹೆಸರು ತುಳೀತಾಳ."

ಮರದ ಕೆಳಗೆ ಊಟವಾಯಿತು. ತಾನು ಅಳಿಯನಿಗೆಂದು ಮಾಡಿದ ಹೋಳಿಗೆ ಯಲಬುರ್ಗಾದಿಂದ ಕುಷ್ಟಗಿಗೆ ಹೋಗಿ ಬೇವೂರಿಗೆ ಬಂದದ್ದನ್ನು ನೋಡಿ ಅವ್ವ ತಲೆ ತಲೆ ಚಚ್ಚಿಕೊಂಡಳು. "ಯಾರರ ಬಂದ್ರ ಊಟಕ್ಕ ಹಾಕು ಅಂದಿದ್ನಿಲ್ಲ? ಎಂ.ಎಸ್ಸಿ. ಓದಿದಾಕಿಗೆ ಅಷ್ಟೂ ತಿಳೀಲಿಲ್ಲ?"

"ಬಿಡಿಸಿ ಹೇಳಬೇಕಿತ್ತು," ಎಂದೆ.

"ಅದನ್ನ ಹೆಂಗ ಬಿಡಿಸಿ ಹೇಳಾಕ ಬರ್ತೈತಿ?" ಎಂದು ಇಬ್ಬರು ಬೀಗತಿಯರೂ ಒಟ್ಟಿಗೇ ಕೇಳಿದರು.

ಅತ್ತೆ ಮಗನ ಎಲೆಗೆ ತುಪ್ಪ ಹಾಕುತ್ತಲೇ ಇದ್ದರು. ನನ್ನ ಗಂಡ ಬೇಡ ಎನ್ನಲಿಲ್ಲ. ಬಿಸಿಲು ವಾಲುವವರೆಗೂ ತಾಯಿ ಮಗ ಇಬ್ಬರೂ ಬದುವಿನ ಮೇಲೆ ಪಕ್ಕದಲ್ಲಿ ಕುಳಿತು ಮಾತಾಡಿದರು. ನಾನು ಅವ್ವನ ಜೊತೆ ಕಸ ಕಿತ್ತೆ. ಕಾಯುವುದು ಇಷ್ಟು ಹಗುರವಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅತ್ತೆ ಎದ್ದು ಸೀರೆ ಕೊಡವಿಕೊಂಡರು. "ನೋಡಿದ್ನಿ. ಹೊಟ್ಟಿ ತುಂಬ್ತು. ಇನ್ನ ನಾ ಗಂಗಾವತಿಗೆ ಹೋಗ್ತೀನಿ," ಎಂದರು.

"ನಾಳೆ ಮತ್ತ ಇಲ್ಲೇ ಬರ್ರಿ ಅತ್ತೀ," ಎಂದೆ.

"ನಾಳೆ ಬ್ಯಾಡ. ಅಂವ ಹೋಗೂ ಮುಂದ ಒಂದ ದಿನಾ ಇಲ್ಲೇ ಕರಿ. ಬರ್ತೀನಿ." ಆಮೇಲೆ ಅವ್ವನ ಕಡೆ ತಿರುಗಿ, "ಬೀಗರ, ನೀವರ ಇಲ್ಲಿ ಎಷ್ಟ ದಿನಾ ಕಸಾ ಕೀಳ್ತೀರಿ? ನನ್ನ ಜೋಡಿ ಬರ್ರಿ. ಹನುಮನಹಳ್ಳಿಗೆ ಹೋಗಿ ಹನುಮಪ್ಪನ ಬೆಟ್ಟಾ ಹತ್ತೂಣು. ಮಗಾ ಸುಖರೂಪ ಬಂದ್ರ ಹತ್ತತೀನಿ ಅಂತ ಬೇಡಿಕೊಂಡಿದ್ನಿ," ಎಂದರು.

"ನೀವಿಬ್ಬರ ಯಾಕ ಹತ್ತತೀರಿ, ನಾನೂ ಬರ್ತೀನಿ," ಎಂದಳು ಅಜ್ಜಿ. ಆಕೆಗೆ ಮಾಳಿಗೆಯ ಮೆಟ್ಟಿಲೇ ಆಗುವುದಿಲ್ಲ. "ನಾ ಕೆಳಗ ಕುಂತು ಮಂಗ್ಯಾಗೋಳ್ನ ನೋಡ್ತೀನಿ."

ಅವ್ವ ಕೊಪ್ಪಳದಲ್ಲಿದ್ದ ಅಪ್ಪನಿಗೆ ಫೋನು ಮಾಡಿ ವಿಷಯ ಹೇಳಿದಳು. "ನನಗ ಊಟಾ?" ಎಂದರು ಅಪ್ಪ. "ಖಾನಾವಳಿ ಅದಾವು," ಎಂದಳು ಅವ್ವ. ಅಜ್ಜಿ ಫೋನಿನ ಹತ್ತಿರ ಬಾಯಿ ತಂದು, "ಏ, ಕೊಪ್ಪಳದಾಗ ಅದೀ ಹೌದಿಲ್ಲೋ, ಕೂಲರ್ ರೇಟ್ ಕೇಳ್ಕೊಂಡು ಬಾ," ಎಂದಳು. ನನಗೆ ತೊಳೆಯಲು ಅಲ್ಲಿ ಪಾತ್ರೆಯೂ ಇರಲಿಲ್ಲ.

ಮೂವರೂ ಟಂಟಂ ಹತ್ತಿ ಹೋದರು. ಇಬ್ಬರು ಅತ್ತೆಯಂದಿರ ಎರಡು ಮನೆಗಳೂ ಈಗ ಖಾಲಿ ಇದ್ದವು. ಆಮೇಲಿನ ದಿನಗಳ ಬಗ್ಗೆ ನಾನು ಬರೆಯುವುದಿಲ್ಲ; ಅವು ಚೆನ್ನಾಗಿದ್ದವು ಎಂದಷ್ಟೇ ಹೇಳುತ್ತೇನೆ. ಆ ಸಂಜೆಯದಿಷ್ಟು ಬರೆಯಬಹುದು.

ನಾವು ರಸ್ತೆಗೆ ಬಂದು ನಿಂತೆವು. ಅವರ ಕೈಯಲ್ಲಿ ಚೀಲ, ನನ್ನ ಕೈಯಲ್ಲಿ ಖಾಲಿ ಡಬ್ಬಿಗಳು. ಆ ದಿನ ಮೊದಲ ಸಲ ಇಬ್ಬರೇ ಇದ್ದೆವು, ಮತ್ತು ಹೇಳಲು ಏನೂ ತೋಚುತ್ತಿರಲಿಲ್ಲ. ದಾಲಿನ ವಿಷಯ ಆಗಲೇ ಮುಗಿದಿತ್ತು.

"ಯಾವ ಮನಿಗೆ ಹೋಗೂಣು?" ಎಂದು ಕೇಳಿದರು.

"ನೀವ ಹೇಳ್ರಿ."

"ನೀ ಹೇಳು."

ಯಾವ ಬಸ್ಸು ಮೊದಲು ಬರುತ್ತದೋ ಅದು ಎಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದರೋ ನೆನಪಿಲ್ಲ. ಬಸ್ಸು ಬಂತು, ತುಂಬಿ ಬಂತು. ನಾವು ಬೋರ್ಡು ನೋಡದೆ ಹತ್ತಿ, ಒಂದೇ ಸರಳು ಹಿಡಿದು ನಿಂತೆವು.

"ಎಲ್ಲಿಗ್ರಿ?" ಎಂದು ಕೇಳಿದ ಕಂಡಕ್ಟರ್.

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಇದು ಎಲ್ಲಿಗೆ ಹೊಂಟೈತ್ರಿ?" ಎಂದು ಕೇಳಿದೆ ನಾನು.

"ಕುಷ್ಟಗಿ."

"ಹಂಗಾರ ಕುಷ್ಟಗಿನ ಕೊಡ್ರಿ," ಎಂದರು ಅವರು, ಇಡೀ ಬಸ್ಸಿಗೆ ಕೇಳುವಂತೆ.